ಜೀಪು ಬಂದ ದಿನದ ನೀರು

ಹರಿಹರದ ಹೊಳೆ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ನೋಡುವ ಸರ್ಕಾರಿ ಕೆಲಸ ನನ್ನದಾಗಿತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ತನ್ನ ಉಪ್ಪುನೀರನ್ನೆಲ್ಲ ಹೊಳೆಗೇ ಬಿಡುತ್ತಿತ್ತು. ಕೆಳಗಿನ ಗದ್ದೆಗಳಲ್ಲಿ ಭತ್ತದ ಪೈರು ಸುಟ್ಟುಹೋಗುತ್ತಿತ್ತು. ನಾನು ಹೋದ ದಿನ ಮಾತ್ರ ನೀರು ಎಳನೀರಿನ ಹಾಗಿರುತ್ತಿತ್ತು!

ಒಮ್ಮೆ ನಮ್ಮ ಜೀಪು ಕಂಡದ್ದೇ ತಡ, ರೈತರೆಲ್ಲ ಓಡಿಹೋಗಿ ಪಂಪು ಚಾಲೂ ಮಾಡಿದರು. ಯಾಕೆಂದು ಗದ್ದೆಯಲ್ಲಿದ್ದ ಹೆಂಗಸೊಬ್ಬರನ್ನು ಕೇಳಿದೆ.

"ನೀವು ಬರೋ ಸುದ್ದಿ ಕಾರ್ಖಾನೆಗೆ ಮೊದ್ಲೇ ಮುಟ್ತೈತ್ರಿ. ಮೋರಿ ಮುಚ್ತಾರೆ. ಅವತ್ತೊಂದಿನ ನೀರು ಚಲೋ ಇರ್ತೈತೆ. ದಿನಾ ಬರ್ರಿ, ಸಾಹೇಬ್ರೇ."

ದಾವಣಗೆರೆಗೆ ಹೋಗಿ ಮೇಲಧಿಕಾರಿಗೆ ಇದನ್ನೇ ಹೇಳಿದೆ. ಅವರು ನಾನು ತಂದ ಹೊಳೆ ನೀರಿನ ಸೀಸೆಯನ್ನು ಬೆಳಕಿಗೆ ಹಿಡಿದರು. "ಇದ್ರಾಗೆ ಉಪ್ಪೇ ಇಲ್ವಲ್ರೀ! ಪೆಟ್ರೋಲ್ ಯಾಕೆ ಸುಡ್ಬೇಕು?" ಎಂದು ಜೀಪನ್ನೇ ನಿಲ್ಲಿಸಿಬಿಟ್ಟರು.

ಹೊಳೆಯ ಉಪ್ಪು ಇಳಿಸಲು ಸರ್ಕಾರದ ಹತ್ತಿರ ಇದ್ದದ್ದು ಅದೊಂದೇ ಯಂತ್ರ.