ಹರಗೋಲಿನಲ್ಲಿ ಟವೆಲ್ಲುಗಳು

ನೀರಿನ ಮೇಲೆ ನಡೆಯುವ ಮನುಷ್ಯನೊಬ್ಬನನ್ನು ಊರೊಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆ ನನ್ನ ಮುಂದೆ ಬಂದಾಗ ನಾನು ರಾಯಚೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಲುಂಗಿಯುಟ್ಟು ಶೇಂಗಾ ಸುಲಿಯುತ್ತಿದ್ದೆ. ಇಂಥ ತೀರ್ಪು ಕೊಡುವವರು ಇನ್ನಷ್ಟು ಗಂಭೀರ ಉಡುಪಿನಲ್ಲಿರಬೇಕಿತ್ತು. ಆದರೆ ಫೋನು ಉಡುಪು ನೋಡುವುದಿಲ್ಲ.

ಆ ಊರು ಯಾವ ನಕ್ಷೆಯಲ್ಲೂ ಇಲ್ಲ. ಅದು ಫೋನಿನೊಳಗಿನ ಒಂದು ಗುಂಪು. ಸೇರುವವರು ಒಂದೊಂದು ಪಾತ್ರ ಹಿಡಿಯುತ್ತಾರೆ: ಕುಂಬಾರ, ನೇಕಾರ, ಬಳೆ ಮಾರುವವಳು, ಏನಾದರೂ. ಆ ಪಾತ್ರ ಇವತ್ತು ಏನು ಮಾಡಿತು, ಏನು ಅಂದಿತು ಎಂದು ಬರೆಯಬೇಕು. ಮಿಕ್ಕವರು ತಮ್ಮ ತಮ್ಮ ಪಾತ್ರದ ಬಾಯಿಂದ ಉತ್ತರ ಬರೆಯುತ್ತಾರೆ. ಇದೇ ಆಟ. ಇದರಲ್ಲಿ ಗೆಲುವಿಲ್ಲ, ಸೋಲಿಲ್ಲ, ಮುಗಿಯುವುದಂತೂ ಇಲ್ಲವೇ ಇಲ್ಲ. ಊರ ಪಕ್ಕ ಹೊಳೆ, ಆಚೆ ದಂಡೆಯಲ್ಲಿ ಸಂತೆ. ಸೇತುವೆ ಕಟ್ಟೋಣವೆಂದು ನಿಜ ಜೀವನದಲ್ಲೂ ಎಂಜಿನಿಯರಾದ ಒಬ್ಬರು ಸೂಚಿಸಿದ್ದರು. ಸಮಾಧಾನ ಹೇಳಿ ಅವರನ್ನು ಬಡಿಗನನ್ನಾಗಿ ಮಾಡಿದೆವು. ಹೊಳೆ ದಾಟಲು ಇರುವುದು ಒಂದೇ ಹರಗೋಲು.

ನನ್ನದು ಸಾರಥಿಯ ಪಾತ್ರ. ಬಯಲಾಟ ನೋಡಿದವರಿಗೆ ಗೊತ್ತು: ರಂಗದ ಮೇಲೆ ಯಾರೇ ಬರಲಿ, ಚಕ್ರವರ್ತಿಯೇ ಬರಲಿ, ಸಾರಥಿ ಅಡ್ಡ ನಿಂತು 'ಬಂದಂಥವರು ಯಾರು, ಸ್ಥಳ ಯಾವುದು, ಬಂದ ಕಾರಣವೇನು' ಎಂದು ಕೇಳುತ್ತಾನೆ. ಉತ್ತರ ಕೊಡದೆ ಯಾವ ರಾಜನೂ ಒಂದು ಹೆಜ್ಜೆ ಕುಣಿಯುವಂತಿಲ್ಲ. ಈ ಪದ್ಧತಿಯನ್ನು ನಮ್ಮ ಗುಂಪಿಗೆ ತಂದವನು ನಾನೇ. ಬಸ್‌ಸ್ಟ್ಯಾಂಡಿನ ಗಾಜಿನ ಕೋಣೆಯಲ್ಲಿ ಕಂಟ್ರೋಲರಾಗಿ ಕುಳಿತು, ಯಾವ ಬಸ್ಸು ಎಲ್ಲಿಗೆ ಹೊರಟಿತು ಎಂದು ಮೈಕಿನಲ್ಲಿ ಕೂಗಿದವನು ನಾನು. ಆ ಕೆಲಸದಲ್ಲಿ ಸಂಬಳದ ಜೊತೆ ಸಂಶಯವೂ ಬರುತ್ತದೆ. ನಿವೃತ್ತಿಯಾದ ಮೇಲೆ ಸಂಬಳ ಅರ್ಧವಾಯಿತು, ಸಂಶಯದಲ್ಲಿ ಕಡಿತವಾಗಲಿಲ್ಲ.

ಹರಗೋಲಿನ ಅಂಬಿಗ ಮಾನ್ವಿಯ ನನ್ನ ಸ್ನೇಹಿತರು. ಅವರದು ಅಕ್ಕಿ ಅಂಗಡಿ. ನಾನು ಅವರನ್ನು ಭಾಯಿ ಎನ್ನುತ್ತೇನೆ. ಅವರಿಗೆ ನಾನು ಇನ್ನೂ ಕಂಟ್ರೋಲರ್ ಸಾಬ್. ಒಮ್ಮೆ ಅವರು ನನಗೆ ಹೇಳಿದ್ದರು: "ಅಂಗಡಿಗೆ ಬಂದವ್ರು ಒಂದೊಂದು ಕಾಳು ಹಲ್ಲಾಗ ಕಡದು ನೋಡ್ತಾರ. ತೂಕ ನೋಡ್ತಾರ, ನನ್ನ ಮಾರಿ ನೋಡ್ತಾರ, ಮತ್ತ ತೂಕ ನೋಡ್ತಾರ. ಹರಗೋಲಿನ್ಯಾಗ ಮಾತ್ರ ಹೆಂಡ್ರು ಮಕ್ಕಳನ್ನ ಕೂಡ್ರಿಸಿ ಸುಮ್ಮನ ಕಣ್ ಮುಚ್ತಾರ." ಹುಟ್ಟಿಸಿಕೊಂಡ ಊರು, ಹುಟ್ಟಿಸಿಕೊಂಡ ಹೊಳೆ. ಆದರೂ ಆ ನಂಬಿಕೆ ಅವರಿಗೆ ನಿಜವಾದದ್ದು. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಅವರು ಹುಟ್ಟು ಹಾಕುತ್ತಲೇ ಇರುತ್ತಿದ್ದರು.

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದರೆ ಸೀಟು ಹಿಡಿದಂತೆ. ಈ ಕಾನೂನು ಯಾರೂ ಮಂಡಿಸದೆ ಹರಗೋಲಿಗೂ ಬಂತು. ಬೆಳಿಗ್ಗೆ ಎದ್ದು 'ಅಂಬಿಗಣ್ಣಾ, ನನ್ನ ಟವೆಲ್ ಬಿತ್ತು' ಎಂದು ಬರೆದರಾಯಿತು, ಜಾಗ ಭದ್ರ. ಬರೆದವರು ಆಮೇಲೆ ಮದುವೆಗೋ ಆಸ್ಪತ್ರೆಗೋ ಹೋಗಿ ಆಟವನ್ನೇ ಮರೆಯಬಹುದು. ಟವೆಲ್ ಮರೆಯುವುದಿಲ್ಲ.

ಇನ್ನು ವಿಶೇಷ ಪಾತ್ರಗಳ ವಿಷಯ. ಇವುಗಳ ಬಗ್ಗೆ ನಮಗೆ ಅನುಭವವಿತ್ತು. ಹಿಂದೊಬ್ಬ ನಿಜಾಮನ ಗುಪ್ತ ವಾರಸುದಾರನಾಗಿ ಬಂದ. ಎರಡನೆಯ ದಿನಕ್ಕೇ ಅರ್ಧ ಊರು ಅವನಿಗೆ ಗಾಳಿ ಬೀಸುತ್ತಿತ್ತು, ಇನ್ನರ್ಧ ಅವನ ಕೊಲೆಗೆ ಸಂಚು ಮಾಡುತ್ತಿತ್ತು. ಕುಂಬಾರ ಒಂದು ಮಡಕೆಯನ್ನೂ ಸುಡಲಿಲ್ಲ. ಇನ್ನೊಬ್ಬ ಮಾತಾಡುವ ಹುಲಿಯಾಗಿ ಬಂದು ಹಾಲು ಮಾರುವವರ ಎಮ್ಮೆಗಳನ್ನೆಲ್ಲ ತಿಂದ. ಆ ಹಾಲಿನವರು ವಾಸ್ತವದಲ್ಲಿ ಬ್ಯಾಂಕಿನ ಉದ್ಯೋಗಿ. ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾರೆ. ವಿಶೇಷ ಒಬ್ಬ ಬಂದನೆಂದರೆ ಮಿಕ್ಕವರು ಚಾಪೆ ಹಾಸಿಕೊಂಡು ನೋಡುವುದೊಂದೇ ಕೆಲಸ. ಆದ್ದರಿಂದ ರಾಜ, ದೇವರು, ದೆವ್ವ, ಮಂತ್ರ, ಮಾಟ ಎಲ್ಲವನ್ನೂ ಬಂದ್ ಮಾಡಿದ್ದೆವು.

ಹೀಗಿರುವಾಗ ಒಂದು ಮಧ್ಯಾಹ್ನ, ಹೊಸ ನಂಬರಿನಿಂದ ಇದು ಬಂತು: "ದಂಡಿ ಮ್ಯಾಲ ಮುರದ ಗೂಟದ ಹಂತೇಕ ಒಬ್ಬ ಸಿದ್ಧ ನಿಂತಾನ. ಅವಗ ಹರಗೋಲು ಬ್ಯಾಡ. ಅಂಬಿಗ ಕೆಮ್ಮಿ ಜಾಗಿಲ್ಲ ಅನ್ನೂದ್ರಾಗ ಸಿದ್ಧ ನಡು ಹೊಳಿ ದಾಟಿರ್ತಾನ. ಕೈ ಹಿಡದವ್ರನ್ನೂ ನೀರಿನ ಮ್ಯಾಲ ನಡಸ್ಕೊಂಡು ಹೋಗ್ತಾನ."

ಐದು ನಿಮಿಷದಲ್ಲಿ ಊರಿಗೆ ಊರೇ ದಂಡೆಗೆ ಬಂದು ನಿಂತಿತು. ಬಳೆಗಾರ್ತಿ ಆಗಲೇ ಕೈ ಚಾಚಿದ್ದಳು. ಮಾನ್ವಿಯಿಂದ ಫೋನು ಬಂತು.

"ಏನ್ರೀ ಕಂಟ್ರೋಲರ್ ಸಾಬ್ ಇದು? ಊರ ಮಂದೆಲ್ಲ ಅವನ ಕೈ ಹಿಡ್ಕೊಂಡು ಹೊಂಟ್ರ ನನ್ನ ಹರಗೋಲಾಗ ಏನ್ ಕೋಳಿ ಸಾಕ್ಲೇನು?"

"ಇನ್ನಾ ತೀರ್ಪು ಆಗಿಲ್ಲ ಭಾಯಿ."

"ತೀರ್ಪು ನಿಮ್ದು, ಹರಗೋಲು ನಂದು. ಅಂವ ಒಳಗ ಬಂದ ದಿನ ನಾ ಹೊರಗ. ಗುಂಪೂ ಬ್ಯಾಡ, ಹೊಳಿನೂ ಬ್ಯಾಡ. ಅಕ್ಕಿ ಮಾರ್ಕೊಂಡು ಸುಮ್ಮನ ಕುಂದರ್ತೀನಿ."

ಭಾಯಿ ಬೆದರಿಸುವವರಲ್ಲ. ಬಿಟ್ಟೆ ಎಂದರೆ ಬಿಟ್ಟರು. ಹಾಗಾದರೆ ಪ್ರತಿ ಮಧ್ಯಾಹ್ನ ನಾನು ಯಾರ ಹುಟ್ಟಿನ ಸಪ್ಪಳ ಓದಬೇಕು? ಆದ್ದರಿಂದ ಸಿದ್ಧನ ಬರಹವನ್ನು ಟಿಕೆಟ್ ತಪಾಸಣೆಯ ಕಣ್ಣಿನಿಂದ ಮತ್ತೊಮ್ಮೆ ನೋಡಿದೆ. ಮುರಿದ ಗೂಟ! ಹರಗೋಲು ಕಟ್ಟುವ ಗೂಟ ಮುರಿದಿದೆ ಎಂದು ಭಾಯಿ ಎಂದೋ ಒಮ್ಮೆ ಬರೆದಿದ್ದರು. ಜಾಗವಿಲ್ಲ ಎನ್ನುವ ಮೊದಲು ಅಂಬಿಗ ಕೆಮ್ಮುತ್ತಾನೆ ಎಂಬುದಂತೂ ಹಳಬರ ಲಕ್ಷ್ಯಕ್ಕೂ ಬಂದಿರಲಿಲ್ಲ. ಇವನು ಹೊಸಬನಲ್ಲ. ಒಳಗಿನವನೇ ಯಾವನೋ ಬೇರೆ ನಂಬರು ತೊಟ್ಟು ಬಂದಿದ್ದಾನೆ.

ಭಾಯಿಯ ಸಂಶಯ ಇನ್ನೂ ಹತ್ತಿರದ್ದು. "ನಮ್ಮ ಎದುರಂಗಡಿಯಾಂವಾ ಅವ. ಸೋನಾ ಮಸೂರಿಯಾಗ ಸೋತ, ಈಗ ಹೊಳ್ಯಾಗ ಬಂದಾನ."

ನಾನು ಶಾಸ್ತ್ರೋಕ್ತವಾಗಿ ಅಡ್ಡ ನಿಂತು ಕೇಳಿದೆ: "ಭಲೇ! ಬಂದಂಥವರು ಯಾರು? ಸ್ಥಳ ಯಾವುದು? ಕಾರಣವೇನು?"

ಉತ್ತರ ಕೂಡಲೇ ಬಂತು. "ಸ್ಥಳ ದೇವದುರ್ಗ. ಹಿಟ್ಟಿನ ಗಿರಣಿ ಎಲ್ಲದ ಅಂತ ಬಸ್‌ಸ್ಟ್ಯಾಂಡಿನ್ಯಾಗ ಕೇಳ್ರಿ. ಕಾರಣ ಎದುರಿಗೇ ಹೇಳ್ತೀನಿ. ಸಾರಥಿಗೆ ಬಸ್ಸಿನ ಟೈಮ್ ಗೊತ್ತಿರ್ಬೇಕಲ್ಲ?"

ಕೊನೆಯ ಮಾತಿನಿಂದ ನನ್ನ ಸಂಶಯ ಇಮ್ಮಡಿಯಾಯಿತು. ನನ್ನ ಹಳೆಯ ಉದ್ಯೋಗ ಇವನಿಗೆ ಹೇಗೆ ಗೊತ್ತು? ಗುಂಪಿನಲ್ಲಿ ಅದನ್ನು ನಾನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆನೆಂಬುದು ಆಗ ಹೊಳೆಯಲಿಲ್ಲ.

ಮರುದಿನ ಭಾಯಿ ಮಾನ್ವಿಯಿಂದ ಬಂದರು. ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಇನ್ನೂ ನಿಂತೇ ಇಲ್ಲ, ಭಾಯಿ ಓಡಿ ಹೋಗಿ ಕಿಟಕಿಯಿಂದ ಟವೆಲ್ ತೂರಿದರು. ಸೇವೆಯಲ್ಲಿದ್ದಾಗ ಈ ಪದ್ಧತಿಯನ್ನು ನಾನು ಮೈಕಿನಲ್ಲಿ ಖಂಡಿಸಿದ್ದುಂಟು. ಈಗ ಸೇವೆಯಲ್ಲಿರಲಿಲ್ಲ, ಕುಳಿತೆ. ಬುಟ್ಟಿ ಹಿಡಿದ ಹೆಂಗಸೊಬ್ಬಳು ನಮಗಿಂತ ಮೊದಲೇ ಹತ್ತಿ ಆ ಸೀಟಿನ ಬಳಿ ನಿಂತಿದ್ದಳು.

"ಟವೆಲ್ ಹಾಕೀವವ್ವಾ," ಎಂದರು ಭಾಯಿ.

"ಹಾಕ್ರಿ ಯಪ್ಪಾ. ಪಾಪ, ನಿಮ್ಮ ಟವೆಲ್ಲಿಗೆ ಕಾಲು ನೋಯ್ತಿರ್ಬೇಕು," ಎಂದು ಅವಳು ಗಬ್ಬೂರಿನವರೆಗೂ ನಿಂತೇ ಬಂದು ಇಳಿದುಹೋದಳು. ಭಾಯಿ ಕಿಟಕಿಯ ಹೊರಗೆ ಹತ್ತಿ ಹೊಲಗಳನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದರು. ಅವರು ಅಕ್ಕಿಯವರು, ಹತ್ತಿಯಲ್ಲಿ ಅವರಿಗೆ ಅಷ್ಟು ಆಸಕ್ತಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಗಿರಣಿ ಸುಲಭವಾಗಿ ಸಿಕ್ಕಿತು. ಒಳಗೆ ಜೋಳ ಬೀಸುತ್ತಿತ್ತು. ಹುಬ್ಬು, ಕೂದಲು, ಸೆರಗೆಲ್ಲ ಹಿಟ್ಟಾದ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ನಮ್ಮನ್ನು ನೋಡಿ ಗಿರಣಿ ನಿಲ್ಲಿಸಿದಳು.

"ಸಿದ್ಧರು ಯಾರವ್ವಾ? ಮನಿಯಾಗ ಅದಾರೇನು?" ಎಂದರು ಭಾಯಿ, ಅಂಗಿಯ ತೋಳು ಮಡಿಸುತ್ತ.

"ನಾನಾ. ಯಾಕ್ರೀ, ಹಿಟ್ಟಿನ್ಯಾಗ ನಿಂತಾಕಿ ನೀರಿನ ಮ್ಯಾಲ ನಿಂದ್ರಬಾರ್ದೇನು? ಬರ್ರಿ, ಕುಂದರ್ರಿ. ನಿಮ್ಮಿಬ್ಬರಾಗ ಅಂಬಿಗಣ್ಣ ಯಾರು?"

ಭಾಯಿ ಮಡಿಸಿದ ತೋಳು ಇಳಿಸಿದರು. "ನಾನಾ."

"ನಾ ಮೊದ್ಲ ನಿಮ್ಮೂರಾಗ ಬ್ಯಾರೆ ಪಾತ್ರ ಹಿಡದಿದ್ದೆ. ಸಂತಿಗೆ ರೊಟ್ಟಿ ಮಾರಾಕ ಹೋಗಾಕಿ, ತಲಿ ಮ್ಯಾಲ ಬುಟ್ಟಿ. ನೆನಪದೇನ್ರೀ?"

ಭಾಯಿ ನನ್ನನ್ನು ನೋಡಿದರು. ನಾನು ಗಿರಣಿಯ ಬೆಲ್ಟನ್ನು ನೋಡಿದೆ.

"ಇರೂದಿಲ್ಲ ಬಿಡ್ರಿ. ಕರೆಂಟ್ ಹೋದಾಗೊಮ್ಮೆ ಫೋನ್ ತಗದು ದಂಡಿಗೆ ಬಂದು ನಿಂದರ್ತಿದ್ದೆ. ಅಂಬಿಗಣ್ಣಾ, ಆಚಿ ದಂಡಿಗೆ ಬಿಡ್ರಿ ಅಂತಿದ್ದೆ. ನೀವು ಕೆಮ್ಮತಿದ್ರಿ. ಟವೆಲ್ ಬಿದ್ದಾವವ್ವಾ ಅಂತಿದ್ರಿ. ಬ್ಯಾಸಗಿ ಪೂರಾ ಆ ಮುರದ ಗೂಟದ ಹಂತೇಕ ನಿಂತೆ. ಹರಗೋಲು ಹೋಗೂದು ನೋಡತಿದ್ದೆನಲ್ಲ, ಒಳಗ ಮನಷ್ಯಾರು ಇಬ್ರು, ಉಳದದ್ದೆಲ್ಲ ಬರೇ ಟವೆಲ್."

"ಅದು ರಿವಾಜವ್ವಾ," ಭಾಯಿಯ ದನಿಯ ತೂಕ ಕಡಿಮೆಯಾಗಿತ್ತು. "ಹಾಕಿದವ್ರು ಬಂದು ಕೇಳಿದ್ರ ಏನ್ ಹೇಳ್ಲಿ?"

"ಇಲ್ಲೀತನಕ ಒಬ್ಬರರೆ ಬಂದ್ರೇನು?"

ಭಾಯಿ ಕೆಮ್ಮಿದರು. ಕೆಮ್ಮಿದ್ದು ತಮಗೇ ಕೇಳಿಸಿ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

ಇಲ್ಲಿ ಸಾರಥಿ ಮಧ್ಯೆ ಪ್ರವೇಶಿಸುವುದು ಅವಶ್ಯವೆಂದು ತೋರಿತು. ಇಂಥ ತಕರಾರನ್ನು ನನ್ನ ಮುಂದೆ ತರಬೇಕಿತ್ತು, ಅದು ಕ್ರಮ, ಎಂದು ನಾನು ತಿಳಿಸಿದೆ.

"ನೀವು 'ಯಾರವ್ವಾ ನೀನು' ಅಂತ ಕೇಳಿದ್ರ ಹೇಳ್ತಿದ್ದೆ ಕಾಕಾ. ರೊಟ್ಟಿ ಮಾರಾಕಿನ್ನ ಯಾವ ಸಾರಥಿ ಕೇಳ್ತಾನ? ಸಿದ್ಧ ಅಂದ ಕೂಡ್ಲೇ ಕೇಳಿದ್ರಿ ನೋಡ್ರಿ. ಕೇಳಿದ್ದಷ್ಟ ಅಲ್ಲ, ಬಸ್ ಹತ್ತಿ ಬಂದ್ರಿ!" ಅವಳು ನಕ್ಕಳು, ಹುಬ್ಬಿನಿಂದ ಹಿಟ್ಟು ಉದುರಿತು. "ನನಗೇನ್ ನೀರಿನ ಮ್ಯಾಲ ನಡಿಬೇಕಂತ ಹಟಿಲ್ರೀ. ಸಂತಿ ನೋಡಬೇಕಾಗ್ಯದ, ಅಷ್ಟ."

ಆಮೇಲೆ ಮಂಡಾಳ ಒಗ್ಗರಣೆ, ಮಿರ್ಚಿ ತರಿಸಿದಳು. ವಿಚಾರಣೆಗೆ ಬಂದವರು ವಿಚಾರಣೆಗೆ ಒಳಪಟ್ಟವರ ಮನೆಯಲ್ಲಿ ತಿನ್ನಬಾರದೆಂಬ ನಿಯಮ ನನಗೆ ಗೊತ್ತಿತ್ತು. ಮಿರ್ಚಿ ಬಿಸಿಯಿತ್ತು.

ತಿರುಗಿ ಬರುವ ಬಸ್ಸಿಗೆ ಭಾಯಿ ಟವೆಲ್ ಒಗೆಯಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಗಬ್ಬೂರಿನವರೆಗೂ ನಿಂತೇ ಬಂದರು. ಹೃದಯ ಪರಿವರ್ತನೆಯೋ, ಓಡಲು ಮಿರ್ಚಿ ಬಿಡಲಿಲ್ಲವೋ ನಾನು ಹೇಳಲಾರೆ. ಕೇಳಿದ್ದಕ್ಕೆ, "ಸುಮ್ನಿರ್ರೀ ಕಂಟ್ರೋಲರ್ ಸಾಬ್, ಯೋಚನಿ ಮಾಡಾಕತ್ತೀನಿ," ಎಂದರು. ಯೋಚನೆ ಮಾಡುವ ಅಂಬಿಗ ಗುಂಪು ಬಿಡುವ ಅಂಬಿಗನೇ ಎಂದು ಲೆಕ್ಕ ಹಾಕಿದೆ. ಮನೆಗೆ ಬಂದು ತೀರ್ಪನ್ನು ಎರಡು ಥರ ಬರೆದೆ: ಒಂದು ಸಿದ್ಧನ ಪರ, ಒಂದು ವಿರುದ್ಧ. ಎರಡೂ ಸರಿಯಾಗಿದ್ದವು. ಅದೇ ನನಗೆ ಅನುಮಾನ ಹುಟ್ಟಿಸಿತು.

ಮರುದಿನ ಮಧ್ಯಾಹ್ನ, ನನ್ನ ತೀರ್ಪಿಗೆ ಕಾಯದೆ, ಅಂಬಿಗ ಬರೆದ: "ಅಂಬಿಗ ಹರಗೋಲಾಗಿನ ಟವೆಲ್ ಎಲ್ಲಾ ಜಾಡಿಸಿ ದಂಡಿ ಮ್ಯಾಲ ಒಣಾ ಹಾಕ್ಯಾನ. ತಮ್ಮ ತಮ್ಮವು ಗುರುತು ಹಿಡದು ಒಯ್ಯಬೇಕು. ಇವತ್ತಿನಿಂದ ಬಂದವ್ರು ಕೂಡ್ರೂದು."

ಊರು ಹೊತ್ತಿಕೊಂಡಿತು. ಪರಂಪರೆ, ಹಕ್ಕು, ಹಿರಿತನ ಎಂಬ ಮಾತುಗಳು ಹರಿದಾಡಿದವು. ಎಂಜಿನಿಯರ್ ಬಡಿಗ ಮತ್ತೆ ಸೇತುವೆಯ ಮಾತೆತ್ತಿದರು. ಆ ಗದ್ದಲದ ನಡುವೆ ಸಿದ್ಧ ಗೂಟದ ಬಳಿಯಿಂದ ಎದ್ದು ನೀರಿಗೆ ಒಂದು ಕಾಲು ಚಾಚಿದ. ಎಲ್ಲರೂ ಬರೆಯುವುದನ್ನು ನಿಲ್ಲಿಸಿದರು.

"ಸಿದ್ಧಪ್ಪಾ," ಎಂದ ಅಂಬಿಗ, "ನೀರಿನ ಮ್ಯಾಲ ನಡದ್ರ ಕಾಲು ಥಂಡಿ ಆಗ್ತಾವ. ಹತ್ತು. ಜಾಗ ಅದ."

ಕೆಮ್ಮಲಿಲ್ಲ. ನಾನು ಎರಡು ಸಲ ಓದಿ ಖಚಿತಪಡಿಸಿಕೊಂಡೆ.

ಸಿದ್ಧ ಕಾಲು ಹಿಂದೆಗೆದು ಹರಗೋಲು ಹತ್ತಿದ. ನಡುಹೊಳೆಯಲ್ಲಿ ಅಂಬಿಗ ಕೇಳಿದ, ಬುಟ್ಟಿಯಾಗೇನದ ಅಂತ. ಸಿದ್ಧನ ಕೈಗೆ ಬುಟ್ಟಿ ಯಾವಾಗ ಬಂತೋ ಯಾರೂ ಕೇಳಲಿಲ್ಲ. ರೊಟ್ಟಿ, ಎಂದ ಸಿದ್ಧ. ಇಬ್ಬರೂ ತಿಂದರು. ಸಂತೆ ಮುಗಿಯುವವರೆಗೂ ಅಂಬಿಗ ಆಚೆ ದಂಡೆಯಲ್ಲೇ ಕಾದ.

ಹೀಗಾಗಿ ತೀರ್ಪಿನ ಅವಶ್ಯಕತೆಯೇ ಬೀಳಲಿಲ್ಲ. ಆದರೂ ಕೊಟ್ಟೆ: ನೀರಿನ ಮೇಲೆ ನಡೆಯುವ ಶಕ್ತಿ ಸಿದ್ಧನಲ್ಲಿ ಇರಬಹುದು, ಹರಗೋಲಿನಲ್ಲಿ ಜಾಗವಿರುವವರೆಗೆ ಅದನ್ನು ಬಳಸತಕ್ಕದ್ದಲ್ಲ. ಭಾಯಿ ಗುಂಪು ಬಿಡಲಿಲ್ಲ. ಶಕ್ತಿ ಇದುವರೆಗೆ ಬಳಕೆಯಾಗಿಲ್ಲವೆಂದು ಅಂಬಿಗ, ಸಿದ್ಧ ಇಬ್ಬರೂ ಹೇಳುತ್ತಾರೆ. ನಾನು ಹಾಗೆ ಸುಲಭವಾಗಿ ನಂಬುವವನಲ್ಲ. ಮೊನ್ನೆ ಅಡ್ಡ ನಿಂತು ಕೇಳಿದೆ: ಆಚೆ ದಂಡೆಯಲ್ಲಿ ಇಳಿಯುವಾಗ ಸಿದ್ಧನ ಪಾದಗಳು ಒದ್ದೆಯಿದ್ದವೋ, ಒಣಗಿದ್ದವೋ?

"ಸಾರಥಿ ಬಂದು ನೋಡ್ಲಿ," ಎಂದು ಬಂತು ಸಿದ್ಧನ ಉತ್ತರ. "ಅವರು ಒಂದು ದಿನಾನೂ ಹೊಳಿ ದಾಟಿಲ್ಲ."

ನಿಜ. ಸಾರಥಿಗೆ ದಾಟುವ ಕಾರಣ ಬಿದ್ದಿರಲಿಲ್ಲ. ಆಯಿತು, ದಾಟುತ್ತೇನೆ ಎಂದುಕೊಂಡೆ, ಅಷ್ಟರಲ್ಲಿ ಬೆರಳು ತನ್ನಷ್ಟಕ್ಕೆ 'ನನ್ನ ಟವೆಲ್' ಎಂದು ಬರೆದು ಕಳಿಸಿಯೇಬಿಟ್ಟಿತು.

"ಸಾಲಿನ್ಯಾಗ ನಿಲ್ರಿ ಕಂಟ್ರೋಲರ್ ಸಾಬ್," ಎಂದ ಅಂಬಿಗ, ಇಡೀ ಊರಿನೆದುರು.

ನಾನೀಗ ದಂಡೆಯ ಮೇಲಿದ್ದೇನೆ, ಮುರಿದ ಗೂಟದ ಹತ್ತಿರ. ನನ್ನ ಮುಂದೆ ಹೊಸದಾಗಿ ಬಂದ ಕುರಿ ಕಾಯುವವನೊಬ್ಬ, ಅವನ ಹಿಂದೆ ಅವನ ಕುರಿಗಳು. ಕುರಿಗಳು ಟವೆಲ್ಲುಗಳಷ್ಟೇ ಸುಮ್ಮನಿವೆ. ನನಗೇಕೋ ಅವುಗಳ ಮೇಲೆ ಸಂಶಯ.