ಬಿಳಿ ಬೋರ್ಡಿಗೆ ಭಂಡಾರ

ನನ್ನ ಸೋದರಮಾವ ಒಂದು ಚಳಿಗಾಲದ ಸಂಜೆ ಮನೆಯನ್ನೇ ಓಡಿಸಿಕೊಂಡು ನಮ್ಮ ಮನೆಗೆ ಬಂದ. ರಾಯಚೂರಿನ ನಮ್ಮ ಓಣಿಯಲ್ಲಿ ಎರಡು ಸ್ಕೂಟರು ಎದುರಾದರೆ ಒಂದು ಹಿಂದೆ ಸರಿಯಬೇಕು. ಅಂಥದರಲ್ಲಿ ಬಿಳಿ ವ್ಯಾನೊಂದು ನುಸುಳಿಕೊಂಡು ಬಂದು ನಮ್ಮ ಕಟ್ಟೆಗೆ ಮೂತಿ ಹಚ್ಚಿ ನಿಂತಿತು. ಹಿಂಬಾಗಿಲು ತೆರೆದರೆ ಒಳಗೊಂದು ಮಂಚ, ಮಂಚದ ಮೇಲೆ ಕರಿ ಕಂಬಳಿ, ಕಂಬಳಿಯ ಮೇಲೆ ನನ್ನ ಅತ್ತೆ. ಪಕ್ಕದಲ್ಲಿ ಗ್ಯಾಸಿನ ಒಲೆ, ಮೇಲಿನ ತಗಡಿನ ಹಲಗೆಯಲ್ಲಿ ಉಪ್ಪು ಖಾರದ ಡಬ್ಬಿಗಳು, ಕಿಟಕಿಗೆ ಹಳೇ ಸೀರೆಯ ಪರದೆ.

“ಬಾ ಅಳಿಯಾ, ಒಳಗ ಬಾ, ಛಾ ಮಾಡ್ತೀನಿ,” ಎಂದಳು ಅತ್ತೆ. ನಮ್ಮ ಮನೆ ಮುಂದೆ ನನ್ನನ್ನೇ ನೆಂಟನಂತೆ ಕರೆದಳಲ್ಲ, ಅಲ್ಲಿಗೇ ನನ್ನ ಹೆಂಡತಿ ನಗಲು ಶುರು ಮಾಡಿದವಳು ಮರುದಿನ ಸಂಜೆಯವರೆಗೂ ನಿಲ್ಲಿಸಲಿಲ್ಲ.

ಮಾವನದು ದೇವದುರ್ಗದ ಕಡೆಯ ಕುರಿಗಾರರ ಮನೆತನ. ಭತ್ತದ ಕೊಯ್ಲು ಮುಗಿದ ಕೂಡಲೇ ಹಿಂಡು ಹೊಡೆದುಕೊಂಡು ಮಾನ್ವಿ ಸೀಮೆಯ ಗದ್ದೆಗಳಿಗೆ ಇಳಿಯುವುದು ಅವರ ರೂಢಿ. ಕುರಿಗಳು ಮಲಗಿ ಎದ್ದ ಗದ್ದೆಗೆ ಹಿಕ್ಕಿಯೇ ಗೊಬ್ಬರ. ಗದ್ದೆಯವರು ತಾವಾಗಿಯೇ ಕರೆದು ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಆ ಹಿಂಡಿನ ಹಿಂದೆ ನಡೆದವಳು. ಈಗ ಅವಳ ಮೊಣಕಾಲು ಕೇಳುತ್ತಿರಲಿಲ್ಲ. ಡಾಕ್ಟರು ನಡೆಯಬೇಡ ಅಂದರು, ಮಕ್ಕಳು ಈ ಸಲ ಮನೆಯಲ್ಲಿರು ಅಂದರು.

“ಹಿಂಡು ಹೋದ ಮ್ಯಾಲ ಆ ಮನ್ಯಾಗ ನಾ ಯಾರನ್ನ ಬೈಲಿ?” ಎಂದು ಅತ್ತೆ ಕೇಳಿದಳಂತೆ. ಮಾವ ಹೋಗಿ ಹಳೇ ವ್ಯಾನೊಂದನ್ನು ಕೊಂಡು ತಂದ, ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿಸಿದ, ಮಾನ್ವಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಮಂಚ ಕೂರಿಸಿದ. ಮಕ್ಕಳು ಹಿಂಡಿನೊಂದಿಗೆ ಮುಂದೆ ಹೋಗಿ ಆಗಲೇ ಪೋತ್ನಾಳ ಸೇರಿದ್ದರು. ಇವರಿಬ್ಬರು ಹೊರಡುವುದೊಂದೇ ಬಾಕಿ.

ಅಷ್ಟರಲ್ಲಿ, ವ್ಯಾನು ಊರಿಗೆ ತರುವಾಗ, ಮಾನ್ವಿ ರಸ್ತೆಯಲ್ಲಿ ಪೊಲೀಸರೊಬ್ಬರು ಗಾಡಿ ತಡೆದು ಒಳಗೆ ಇಣುಕಿದರು. “ಸೀಟು ಕಿತ್ತೀರಿ, ಮಂಚ ಹಾಕೀರಿ. ಇದು ಮಂದಿ ಕುಂಡ್ರೋ ಗಾಡಿನೋ, ಸಾಮಾನು ಹೊರೋ ಗಾಡಿನೋ? ಮೊದಲು ರಾಯಚೂರಾಗ ಆರ್‌ಟಿಓ ಪಾಸಿಂಗ್ ಮಾಡಿಸ್ರಿ.”

ಊರಲ್ಲಿ ಆಗಲೇ ಇದರ ಮೇಲೆ ಪಂಚಾಯಿತಿ ನಡೆದು ಹೋಗಿತ್ತು. ಸೀಟಿಲ್ಲ ಅಂದ ಮೇಲೆ ಲಗೇಜ್ ಗಾಡಿ ಎಂದು ಒಬ್ಬ, ಮಲಗುವ ಗಾಡಿ ಅಂದ ಮೇಲೆ ಆಂಬುಲೆನ್ಸ್ ಎಂದು ಇನ್ನೊಬ್ಬ. ಒಲೆ ಇರುವುದರಿಂದ ಹೋಟೆಲಿಗೇ ಸೇರಬೇಕು ಎಂದವನೂ ಇದ್ದ.

ಮಾವ ವಿಷಯ ತಿಳಿಸಿದ ಮೇಲೆ ನಾನು ಫೋನಿನಲ್ಲೇ ಓದಿ, ಕೇಳಿ, ತಿಳಿದುಕೊಂಡು ಅರ್ಜಿ ಹಾಕಿದ್ದೆ. ಆ ಸಂಜೆ ಛಾ ಕುಡಿಯುತ್ತ ಮಾವನಿಗೆ ಬಿಡಿಸಿ ಹೇಳಿದೆ. ಬಾಡಿಗೆಗೆ, ಸಾಮಾನಿಗೆ ಓಡುವ ಗಾಡಿಗೆ ಹಳದಿ ಬೋರ್ಡು. ಅದನ್ನು ಆಗಾಗ ತಂದು ಫಿಟ್‌ನೆಸ್ ಪರೀಕ್ಷೆ ಮಾಡಿಸಬೇಕು. ಸ್ವಂತಕ್ಕೆ ಓಡುವುದಕ್ಕೆ ಬಿಳಿ ಬೋರ್ಡು. ಸ್ವಂತಕ್ಕೇ ಇಟ್ಟುಕೊಂಡ, ಮಲಗಿ ಉಣ್ಣುವ ಗಾಡಿಗೆ ಕ್ಯಾಂಪರ್ ವ್ಯಾನ್ ಅನ್ನುತ್ತಾರೆ. ಅದೂ ಬಿಳಿ ಬೋರ್ಡಿನ ಗುಂಪಿಗೇ ಸೇರುತ್ತದೆ. ಮಾಡಿದ ಬದಲಾವಣೆಯನ್ನು ಸಾಹೇಬರು ನೋಡಿ ಒಪ್ಪಬೇಕು, ಅಷ್ಟೆ.

“ಹಳದಿ ಅಂತ ಬರದರ ಏನಾಕ್ಕದ?” ಎಂದ ಮಾವ.

“ಸಾಮಾನಿನ ಗಾಡ್ಯಾಗ ಮಂದಿ ಕುಂಡ್ರಂಗಿಲ್ಲ ಮಾವ. ಒಲಿ ಹೋಗಬೌದು, ಮಂಚ ಹೋಗಬೌದು. ಅತ್ತಿ ಹೋಗಂಗಿಲ್ಲ.”

ಅತ್ತೆ ಲೋಟ ಕೆಳಗಿಟ್ಟಳು. “ಹಂಗಾದ್ರ ನಾಳಿ ದೇವರಿಗೆ ಹೇಳೇ ಹೊಂಡಬೇಕು.”

ಆ ಮಾತಿಗೆ ನಾನು ಹೆಚ್ಚು ಗಮನ ಕೊಡಲಿಲ್ಲ. ಬೆಳಿಗ್ಗೆ ಕಾಗದಪತ್ರ ಹಿಡಿದು ಬೈಕಿನಲ್ಲಿ ಮುಂಚೆಯೇ ಆರ್‌ಟಿಓ ಆಫೀಸಿಗೆ ಹೋದೆ. ನನ್ನ ಬೆನ್ನ ಹಿಂದೆ ಅತ್ತೆ ಗಾಡಿಗೆ ಪೂಜೆ ಮಾಡಿದಳು. ದೇವರ ಮುಂದಿಟ್ಟು ತಂದ ಅರಿಶಿನಕ್ಕೆ ನಮ್ಮಲ್ಲಿ ಭಂಡಾರ ಅನ್ನುತ್ತಾರೆ. ಹೊಸ ಕಂಬಳಿಯಿರಲಿ, ಈಗ ತಾನೇ ಹುಟ್ಟಿದ ಮರಿಯಿರಲಿ, ಭಂಡಾರ ಬೀಳದೆ ಹಿಂಡಿಗೆ ಸೇರುವಂತಿಲ್ಲ. ವ್ಯಾನಿನ ಗಾಲಿಗೆ, ಸ್ಟೇರಿಂಗಿಗೆ, ಕನ್ನಡಿಗೆ ಹಚ್ಚಿದಳು. ಗಾಡಿಯ ಹಣೆ ಯಾವುದೆಂದು ಯೋಚಿಸಿ ನಂಬರ್ ಬೋರ್ಡೇ ಹಣೆ ಎಂದು ತೀರ್ಮಾನಿಸಿದಳು. ಇಬ್ಬನಿಗೆ ತೊಯ್ದಿದ್ದ ಬೋರ್ಡಿನ ಮೇಲೆ, ಮುಂದೊಂದು ಹಿಂದೊಂದು, ಅಂಗೈ ತುಂಬ ಬಳಿದಳು. ನಂಬರು ದೇವರಿಗೆ ಕಾಣಬೇಕಲ್ಲ. ಅಕ್ಷರಗಳನ್ನು ಮಾತ್ರ ಬೆರಳ ತುದಿಯಿಂದ ತೀಡಿ ಕರ್ರಗೆ ಎದ್ದು ಕಾಣುವಂತೆ ಮಾಡಿದಳು.

ಆರ್‌ಟಿಓ ಗೇಟಿನಲ್ಲಿದ್ದವನು ಹಳದಿ ಬೋರ್ಡು ನೋಡಿದ, ಒಂದು ಸಾಲಿನತ್ತ ಕೈ ಬೀಸಿದ. ಮಾವ ಹೇಳಿದ ಕಡೆ ಹೋಗುವ ಮನುಷ್ಯ.

ನಾನು ಕಾರುಗಳ ಸಾಲಿನಲ್ಲಿ ಹುಡುಕುತ್ತೇನೆ, ವ್ಯಾನಿಲ್ಲ. ಫೋನು ಮಾಡಿದರೆ ಮಾವ, “ಇಲ್ಲೇ ಅದೀವಿ ಅಳಿಯಾ, ಭಾಳ ಚಲೋ ಮಂದಿ ಅದಾರ,” ಎಂದ. ನಗುವಿನ ಸದ್ದು ಹಿಡಿದು ಹೋದರೆ ಫಿಟ್‌ನೆಸ್‌ಗೆ ನಿಂತ ಲಾರಿಗಳ ಸಾಲಿನ ನಡುವೆ, ಹತ್ತಿ ಹೊರುವ ಲಾರಿ ಮುಂದೆ, ಭತ್ತದ ಲಾರಿ ಹಿಂದೆ, ನಮ್ಮ ಬಿಳಿ ವ್ಯಾನು ಎಮ್ಮೆಗಳ ನಡುವಿನ ಕುರಿಮರಿಯಂತೆ ನಿಂತಿತ್ತು. ಹಿಂಬಾಗಿಲು ತೆರೆದು ಅತ್ತೆ ಡ್ರೈವರುಗಳಿಗೆಲ್ಲ ಛಾ ಹಂಚುತ್ತಿದ್ದಳು.

“ಮಾವ, ಇದು ಲಾರಿ ಸಾಲು! ಗಾಡಿ ತೆಗೀ!”

“ಹ್ಯಾಂಗ ತೆಗೀಲಿ? ಹಿಂದ ಮುಂದ ಗ್ವಾಡಿ ಇದ್ದಂಗ ಅದಾವ.”

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಂದೇಬಿಟ್ಟರು. ಲಾರಿ ನೋಡಿ ನೋಡಿ ದಣಿದಿದ್ದರು, ವ್ಯಾನಿನ ಬೋರ್ಡಿನತ್ತ ಕಣ್ಣು ಹಾಯಿಸಿ ಕೇಳಿದರು: “ಏನ್ ಲೋಡ್ ಹಾಕ್ತೀರಿ ಇದರಾಗ?”

ಮಾವ ಕೈಮುಗಿದು ಹೇಳಿದ: “ಹೆಣ್ತೀನ ಒಬ್ಬಾಕಿ ರೀ, ಸಾಹೇಬ್ರ.”

ಲಾರಿ ಡ್ರೈವರುಗಳ ಬಾಯಿಂದ ಛಾ ಚಿಮ್ಮಿತು. “ಓವರ್‌ಲೋಡ್ ಆಗಾಂಗಿಲ್ಲ ಬಿಡ್ರಿ!” ಎಂದು ಒಬ್ಬ ಕೂಗಿದ. ಸಾಹೇಬರ ಮೀಸೆಯೂ ಒಂದಿಷ್ಟು ಅಲುಗಿತು, ಆದರೆ ದನಿ ಗಟ್ಟಿಯಾಗಿಯೇ ಇತ್ತು. “ಯವ್ವಾ, ಕೆಳಗ ಇಳೀರಿ. ಹಳದಿ ಬೋರ್ಡಿನ ಸಾಮಾನು ಗಾಡಿ ಇದು. ಇದರಾಗ ಮಂದಿ ಕುಂಡ್ರಂಗಿಲ್ಲ.”

ಅತ್ತೆ ಮಂಚದ ಕಾಲು ಹಿಡಿದುಕೊಂಡಳು. “ನಾ ಇಳಿಯಾಂಗಿಲ್ಲ. ಇಳಿದರ ನನ್ನ ಬಿಟ್ಟು ಹೋಗ್ತಾರ.” ಅವಳು ನಗುತ್ತಿರಲಿಲ್ಲ.

“ಸರ್, ಅದು ಬಿಳಿ ಬೋರ್ಡು ರೀ!” ಎಂದೆ.

“ನಂಗೇನು ಕಣ್ಣಿಲ್ಲೇನ್ರಿ?” ಎಂದು ಸಾಹೇಬರು ಬಗ್ಗಿ ಬೋರ್ಡಿನ ಮೇಲೆ ಬೆರಳು ಎಳೆದರು. ಎಳೆದಲ್ಲಿ ಬೆಳ್ಳಗೆ ಗೆರೆ ಮೂಡಿತು. ಬೆರಳನ್ನು ಮೂಗಿಗೆ ಹಿಡಿದರು. “ಭಂಡಾರ!” ಎಂದರು, ದನಿಯೇ ಬದಲಾಗಿ. ಬೆರಳಿನಲ್ಲಿದ್ದುದನ್ನು ಪ್ಯಾಂಟಿಗೆ ಒರೆಸುವಂತಿಲ್ಲ, ಜಾಡಿಸುವಂತಿಲ್ಲ. ಅತ್ತಿತ್ತ ನೋಡಿ ಹಣೆಗೆ ಹಚ್ಚಿಕೊಂಡರು. ಆಮೇಲೆ, “ಬಟ್ಟಿ ತಗೊಂಡು ಒರಸ್ರಿ, ನೋಡೂಣು,” ಎಂದರು.

“ಒರಸಬಾರದು!” ಅತ್ತೆ ಒಳಗಿನಿಂದಲೇ ಕೂಗಿದಳು. “ದೇವರದು ಅದು. ನೆಲಕ್ಕ ಬೀಳಬಾರದು, ಬಟ್ಟಿಗೆ ಹತ್ತಬಾರದು. ಹಣಿಗೇ ಹೋಗಬೇಕು.”

ಮಾವ ಹಚ್ಚಿಕೊಂಡ, ನಾನು ಹಚ್ಚಿಕೊಂಡೆ. ಬೋರ್ಡು ಇನ್ನೂ ಹಳದಿ. ಅತ್ತೆಯ ಅಂಗೈ ಎಂದರೆ ಸಣ್ಣ ಮೊರ. ಹತ್ತಿ ಲಾರಿಯವನು ಬಂದು ಒಂದು ಚಿಟಿಕೆ ತೆಗೆದ, ಅವನ ಕ್ಲೀನರು ಇನ್ನೊಂದು. ಭತ್ತದ ಲಾರಿಯವನು ಉದಾರವಾಗಿ ಹಣೆ, ಕತ್ತು, ತೋಳಿಗೆಲ್ಲ ಬಳಿದುಕೊಂಡ. ದಾಡಿಯ ಡ್ರೈವರೊಬ್ಬ, “ಯವ್ವಾ, ನನಗ ಬ್ಯಾಡ, ನನ್ನ ಗಾಡಿ ಬ್ರೇಕ್ ಭಾಳ ಹಠ ಮಾಡಾಕತ್ತದ, ಅದಕ್ಕ ಒಂಚೂರು ಒಯ್ತೀನಿ,” ಎಂದು ಚಿಟಿಕೆ ಹಿಡಿದು ಓಡಿದ. ಸಾಲಿನ ತುದಿಯವರು ಏನು ಹಂಚುತ್ತಿದ್ದಾರೆಂದು ತಿಳಿಯದೆಯೇ ಬಂದು ಹಣೆ ಒಡ್ಡಿದರು. ನೋಡನೋಡುತ್ತ ಇಡೀ ಫಿಟ್‌ನೆಸ್ ಸಾಲು ಮದುಮಕ್ಕಳ ದಿಬ್ಬಣದಂತೆ ಹಳದಿಯಾಯಿತು, ಬೋರ್ಡು ಬಿಳಿಯಾಯಿತು.

ಸಾಹೇಬರು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು ಓದಿದರು. “ಕ್ಯಾಂಪರ್ ವ್ಯಾನ್, ಸ್ವಂತಕ್ಕ. ಬಾಡಿಗಿಗೆ ಬಿಡಾಂಗಿಲ್ಲ ಹೌದಿಲ್ಲೋ?”

“ನಮ್ಮ ಕುರಿಗೋಳು ಬಾಡಗಿ ಕೊಡಾಂಗಿಲ್ರಿ,” ಎಂದ ಮಾವ.

ಆಮೇಲೆ ನಿಜವಾದ ತಪಾಸಣೆ. ಹೆಡ್‌ಲೈಟು, ಬ್ರೇಕು, ಹಾರ್ನು, ವೈಪರು. ಸಾಹೇಬರು ಮಂಚವನ್ನು ಅಲುಗಿಸಿ ನೋಡಿದರು. ನೆಲಕ್ಕೆ ಬೋಲ್ಟು ಬಿಗಿದಿತ್ತು. ಸಿಲಿಂಡರಿಗೆ ಪಟ್ಟಿಯಿತ್ತು. ನನ್ನ ಉಸಿರು ಹಗುರಾಗುವಷ್ಟರಲ್ಲಿ ಅವರು ನಿಂತು ಕೇಳಿದರು: “ಗಾಡಿ ಓಡುವಾಗ ಈಯವ್ವ ಎಲ್ಲಿ ಕುಂಡ್ರತಾರ?”

“ಮಂಚದ ಮ್ಯಾಲ ರೀ.”

“ನಡಿಯಾಂಗಿಲ್ಲ. ನಿಂತಾಗ ಮಲಗಲಿ. ಓಡುವಾಗ ಸೀಟಿನ ಮ್ಯಾಲ ಕುಂತು ಬೆಲ್ಟ್ ಹಾಕಬೇಕು. ಮುಂದಿನ ಸೀಟು ಅದ ಅಲ್ಲ?”

ಮಾವನ ಮುಖ ಬಾಡಿತು. ಮುಂದಿನ ಸೀಟಿನಲ್ಲಿ, ಬೆಳಿಗ್ಗೆಯಿಂದ ಯಾರ ಗದ್ದಲಕ್ಕೂ ಕಣ್ಣು ತೆರೆಯದೆ, ಅವನ ಕುರಿ ಕಾಯುವ ನಾಯಿ ಚಾಚಿಕೊಂಡು ಮಲಗಿತ್ತು. “ಅದಕ ಮುಂದಿನ ಕಿಟಕಿ ಇಲ್ಲಂದ್ರ ವಾಂತಿ ಆಕ್ಕದ್ರಿ,” ಎಂದ ಮಾವ ಮೆತ್ತಗೆ.

ಅತ್ತೆ ಮೊಣಕಾಲು ಹಿಡಿದುಕೊಂಡು ಮಂಚದಿಂದ ಇಳಿದಳು. “ಇಷ್ಟು ವರ್ಷ ನಿನ್ನ ಹಿಂದ ನಡದೀನಿ. ಈಗ ನಾಯಿ ಮುಂದ, ನಾ ಹಿಂದ ಏನು? ಎಬ್ಬಸ್ ಅದನ್ನ!”

ನಾಯಿ ಮಂಚಕ್ಕೆ ಹೋಯಿತು. ಕಂಬಳಿ ಮೂಸಿ, ಮೂರು ಸುತ್ತು ಸುತ್ತಿ ಮಲಗಿತು. ಅತ್ತೆ ಮುಂದೆ ಕೂತಳು. ಬೆಲ್ಟು ಹಾಕಿಕೊಟ್ಟೆ. ಸಾಹೇಬರು ಸಹಿ ಹಾಕಿದರು. ಹಣೆಯ ಭಂಡಾರ ಇನ್ನೂ ಹಾಗೇ ಇತ್ತು.

ರಜೆ ಹಾಕಿದ್ದ ನಾನೂ, ನಾಯಿಯ ಸೀಟು ಅತ್ತೆಗೆ ಸಿಕ್ಕ ಉಮೇದಿನಲ್ಲಿ, ಬೈಕು ಹತ್ತಿ ವ್ಯಾನಿನ ಹಿಂದೆ ಹೊರಟೆ. ಮಾನ್ವಿ ದಾಟಿ ಪೋತ್ನಾಳ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಕೊಯ್ದ ಗದ್ದೆಯಲ್ಲಿ ಹಿಂಡು ಕಂಡದ್ದೇ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ತನ್ನ ಕೂಗು ಕೂಗಿದಳು. ಮೇಯುತ್ತಿದ್ದ ಕುರಿಗಳು ಒಮ್ಮೆಗೇ ತಲೆಯೆತ್ತಿದವು. ಮರುಗಳಿಗೆ ಬದು ಹಾರಿ, ಒಂದರ ಮೇಲೊಂದು ಬಿದ್ದು, ಗದ್ದೆಗೆ ಗದ್ದೆಯೇ ವ್ಯಾನಿನತ್ತ ಹರಿದು ಬಂತು. ಮಕ್ಕಳು ಕೋಲು ಹಿಡಿದು ಹಿಂದೆ ಓಡಿದರು. ಉಣ್ಣೆಯ ಬೆನ್ನುಗಳು ಬಾಗಿಲಿಗೆ ಒತ್ತಿ ನಿಂತವು. ಅತ್ತೆ ಒಳಗಿನಿಂದ ತಳ್ಳುತ್ತಾಳೆ, ಬಾಗಿಲು ತೆರೆಯುವುದಿಲ್ಲ.

“ಸರೀರಲೇ, ಇಳೀಲಾಕ ಬಿಡ್ರಿ!” ಎಂದು ಅತ್ತೆ ಬೈಯುತ್ತಿದ್ದಳು, ನಗು ತಡೆಯಲಾರದೆ.