ಭಾಗವ್ವ ತಂದ ಬಿಳಿ ಅರಿವೆ

ನಾಲ್ಕಕ್ಕೆದ್ದು ಚಾಳಿನ ನಲ್ಲಿಯಲ್ಲಿ ಏಳು ಕೊಡ ನೀರು ಹಿಡಿಯಬೇಕು. ಸ್ಟವ್ವಿಗೆ ಪಂಪು ಹೊಡೆದು ಹದಿನಾರು ಜೋಳದ ರೊಟ್ಟಿ ಬಡಿಯಬೇಕು. ಬಂದರಿನಲ್ಲಿ ಮೂಟೆ ಹೊರುವ ಗಂಡ ದಾನಪ್ಪನ ಡಬ್ಬಿ ಕಟ್ಟಬೇಕು. ಬಾಣಂತನಕ್ಕೆ ಬಂದಿರುವ ಮಗಳು ವಸಂತಿಗೆ ನೀರು ಕಾಯಿಸಬೇಕು. ಒಗೆದದ್ದನ್ನು ಹಿಂಡಿ ಹರವಬೇಕು. ಇಷ್ಟಾದ ಮೇಲೆ ವಡಾಲದಲ್ಲಿ ಬೆಳಕು ಹರಿಯುತ್ತಿತ್ತು, ಭಾಗವ್ವ ಕೆಲಸಕ್ಕೆ ಹೊರಡುತ್ತಿದ್ದಳು. ಅಲ್ಲಿಯವರೆಗೆ ಮಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೆಲಸ ಎನ್ನುತ್ತಿರಲಿಲ್ಲ.

ಗೋರೆಗಾಂವಿನಲ್ಲಿ ಕರೆಂಟಿನ ದೊಡ್ಡ ಬ್ರೇಕರುಗಳನ್ನು ಬಿಚ್ಚಿ ರಿಪೇರಿ ಮಾಡುವ ಕಾರ್ಖಾನೆ. ಅಲ್ಲಿ ಅವಳು ಕಸ ಗುಡಿಸುವವಳು. ತೊಂಬತ್ತನೆಯ ಇಸವಿಯ ಆ ಮಳೆಗಾಲ, ಒಳಗೇ ಸುಟ್ಟುಹೋದ ಬ್ರೇಕರೊಂದು ಬಂತು. ಫಿಟ್ಟರುಗಳು ಮುಖವಾಡ, ಕೈಗವಸು ತೊಟ್ಟು ಅದನ್ನು ಬಿಚ್ಚಿದರು. ಒಳಗಿನ ಬಿಳಿ ಪುಡಿಯನ್ನು ಹಳೆಯ ಬಿಳಿ ಹತ್ತಿಯ ಮೆತ್ತನೆಯ ಅರಿವೆಗಳಿಂದ ಒರೆಸಿ ಡ್ರಮ್ಮಿಗೆ ಎಸೆದರು.

"ನನಗೂ ಒಂದು ಮಾಸ್ಕ್ ಕೊಡ್ರಿ" ಎಂದಳು ಭಾಗವ್ವ.

"ಗುಡಿಸೋದಕ್ಕೂ ಮಾಸ್ಕಾ ಮಾರಾಯ್ತಿ? ಸೆರಗು ಉಂಟಲ್ಲ ನಿಂಗೆ!" ಫಿಟ್ಟರ್ ಅಣ್ಣು ನಕ್ಕ.

ಸೆರಗು ಸುತ್ತಿಕೊಂಡೇ ಗುಡಿಸಿದಳು. ಡ್ರಮ್ಮಿನೊಳಗೆ ಹನ್ನೆರಡು ಅರಿವೆ. ಹುಟ್ಟುವ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಹಳೆಯ ಹತ್ತಿಯೇ ಆಗಬೇಕು. ಚಾಳಿನ ತುಂಬ ನೈಲಾನ್ ಸೀರೆ, ಟೆರಿಕಾಟ್ ಅಂಗಿ. ಹಳೆಯ ಹತ್ತಿ ಎಲ್ಲಿಂದ ತರುವುದು? ಅರಿವೆಗಳನ್ನು ಚೀಲದ ತಳಕ್ಕೆ ತುರುಕಿಕೊಂಡು ಮನೆಗೆ ಒಯ್ದಳು.

ನೆನೆಹಾಕಿ ಒಗೆದ ರಾತ್ರಿಯೇ ಅಂಗೈ ಉರಿಯತೊಡಗಿತು. ಬೆಳಗಿಗೆ ಬೊಬ್ಬೆ. ಆ ಕೈಯಲ್ಲೇ ರೊಟ್ಟಿ ಬಡಿದಳು.

"ರೊಟ್ಟಿ ಯಾಕ ಇಷ್ಟ್ ದಪ್ಪ ಆಗ್ಯಾವ?" ದಾನಪ್ಪ ಕೇಳಿದ. ಅವಳ ಕೈ ನೋಡಲಿಲ್ಲ.

ವಸಂತಿ ಅರಿವೆಯನ್ನು ಕೆನ್ನೆಗೆ ಒತ್ತಿಕೊಂಡು, "ಆಯೀ, ಕಿತ್ತೀ ಮೆತ್ತಗ ಐತಿ, ಎಷ್ಟ್ ಮೆತ್ತಗ!" ಎಂದಳು.

ಕೈ ನೋಡಿದವಳು ಕಾರ್ಖಾನೆಯ ಎಂಜಿನಿಯರ್ ಶಾಮಲಾ, ಮೈಸೂರಿನವಳು. "ಏನ್ರೀ ಭಾಗವ್ವ ಇದು?"

"ಏನಿಲ್ರೀ ಅಕ್ಕಾರ. ಬಟ್ಟೆ ಸೋಡಾ ಹತ್ತೇತಿ."

"ಆ ಬಿಳಿ ಪುಡಿ ಮುಟ್ಟಿಲ್ಲ ತಾನೆ? ಬ್ರೇಕರಿನ ಗ್ಯಾಸು ಸುಮ್ಮನಿದ್ದಾಗ ಸಾಧು ಕಣ್ರೀ. ಒಳಗೆ ಕಿಡಿ ಹತ್ತಿದರೆ ವಿಷ ಆಗಿ ಈ ಪುಡಿ ಬಿಡುತ್ತೆ. ಪುಡಿಗೆ ನೀರು ತಾಗಿದರೆ ಆಸಿಡ್ಡು. ಒರೆಸಿದ ಬಟ್ಟೆ ಎಷ್ಟು ಒಗೆದರೂ ನಂಬೋ ಹಾಗಿಲ್ಲ. ಅದಕ್ಕೇ ಇವತ್ತು ಡ್ರಮ್ಮಿಗೆ ಬೀಗ ಹಾಕಿಸಿದೆ. ಮೊದಲು ಹೋಗಿ ಡಾಕ್ಟರಿಗೆ ಕೈ ತೋರಿಸಿ."

ಭಾಗವ್ವ ಬೊಬ್ಬೆಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಯ್ದದ್ದು ತಾನೇ ಎಂದರೆ ಕೆಲಸ ಹೋದಂತೆಯೇ. ಹೋದ ತಿಂಗಳಷ್ಟೇ ಹಿತ್ತಾಳೆಯ ನಾಲ್ಕು ಸ್ಕ್ರೂ ಒಯ್ದಳೆಂದು ಜೊತೆಯ ಶೀಲಾವತಿಯನ್ನು ಗೇಟಿನಾಚೆ ದಬ್ಬಿದ್ದರು.

ಸಂಜೆ ಮಗಳ ಮಡಿಲಿನಿಂದ ಅರಿವೆಗಳನ್ನು ಕಿತ್ತುಕೊಂಡಳು. ಅವಳ ಕೈಯನ್ನು ಮೂರು ಸಲ ತೊಳೆಸಿದಳು. ಅರಿವೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಇನ್ನೊಂದು ಚೀಲ ಕಟ್ಟಿದಳು. ದಾನಪ್ಪ ಆಕಳಿಸಿದ. "ಕಚರಾ ಡಬ್ಬ್ಯಾಗ ಒಗದು ಬಾ. ಯಾರ್ ನೋಡ್ತಾರ?"

ಮರುದಿನ ಬಾಂದ್ರಾದಲ್ಲಿ ಲೋಕಲ್ ರೈಲು ಬದಲಿಸುವಾಗ ನಿಲ್ದಾಣದ ಸೇತುವೆಯ ಕೆಳಗೆ ಕಸದ ರಾಶಿ ಕಂಡಿತು. ಒಂದು ಕೈ ಬೀಸಿದರೆ ಮುಗಿಯಿತು, ನೌಕರಿಯೂ ಉಳಿಯಿತು. ರಾಶಿಯ ಮೇಲೆ ಬಸುರಿಯೊಬ್ಬಳು ಕೂತು ಚಿಂದಿ ಆರಿಸುತ್ತಿದ್ದಳು. ಗಟ್ಟಿ ಇದ್ದದ್ದನ್ನು ಕೊಡವಿ ಮಡಚಿ ಪಕ್ಕಕ್ಕಿಡುತ್ತಿದ್ದಳು.

ಗೋರೆಗಾಂವಿನ ಗಾಡಿ ಬಂತು, ಹೋಯಿತು. ಇನ್ನೊಂದು ಬಂತು. ಭಾಗವ್ವ ಚೀಲದೊಂದಿಗೆ ಹತ್ತಿದಳು.

ಕಾರ್ಖಾನೆಯ ಬಾಗಿಲಲ್ಲಿ ಶಾಮಲಾ ಇನ್ನೂ ಛತ್ರಿ ಮಡಚುತ್ತಿದ್ದಳು.

"ಡ್ರಮ್ಮಿನ ಕೀಲಿ ತಗೀರಿ ಅಕ್ಕಾರ" ಎಂದಳು ಭಾಗವ್ವ. "ಇವು ಅದರಾಗಿನವು. ನಾನೇ ಒಯ್ದಿದ್ದೆ."